ದನಿಯಿಂದ ರಂಗೋಲಿ ಹಾಕಿಸಿದವರು

ಅವರು ಮೊದಲ ಸಲ ನಮ್ಮ ಮನೆ ಬಾಗಿಲಿಗೆ ಬಂದದ್ದು ಒಂದು ಮುಷ್ಟಿ ರಂಗೋಲಿ ಪುಡಿ ಕೇಳಲು. ಸಿಂದಗಿಯ ನಮ್ಮ ಓಣಿಯಲ್ಲಿ ಗಂಡಸರು ನೆರೆಮನೆಗೆ ಹೋಗಿ ಪೇಪರ್ ಕೇಳುತ್ತಾರೆ, ನಿಚ್ಚಣಿಕೆ ಕೇಳುತ್ತಾರೆ, ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಕೇಳುತ್ತಾರೆ. ರಂಗೋಲಿ ಕೇಳಿದ ಗಂಡಸನ್ನು ನಾನು ಅವತ್ತೇ ಕಂಡದ್ದು.

"ಸಣ್ಣ ಸಾಣಿಗಿ ಇದ್ರ ಅದನ್ನೂ ಕೊಡ್ರಿ ತಂಗಿ. ಸೋಸಿ ಹೊಳ್ಳಿ ತಂದ ಕೊಡ್ತೇನಿ" ಎಂದರು.

ಕೊಟ್ಟೆ. ಕೊಡುವಾಗ ನೋಡಿದೆ, ಅಂಗಿಯ ಜೇಬಿನಿಂದ ಒಡೆದ ಕೆಂಪು ಬಲೂನೊಂದು ಇಣುಕುತ್ತಿತ್ತು. ಅವರಿಗೆ ಮಕ್ಕಳಿಲ್ಲವೆಂಬುದು ನನಗೆ ಆಗಲೇ ತಿಳಿದಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಬಲೂನು ಯಾಕೆ, ರಂಗೋಲಿ ಯಾಕೆ? ಒಳಗೆ ಬಂದು, ಅವರು ತಮ್ಮ ಮನೆ ಸೇರುವವರೆಗೂ ಕಿಟಕಿಯಿಂದ ನೋಡುತ್ತ ನಿಂತೆ.

ಹೋದ ತಿಂಗಳು ಅವರು ಬಸವನ ಬಾಗೇವಾಡಿಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರು ಬರೆದರೆ ನಮ್ಮ ಮನೆಯ ಹೆಸರನ್ನೂ ಬರೆಯಬೇಕಾಗುತ್ತದೆ. ಓಣಿಯವರೆಲ್ಲ ಸರ್ ಅನ್ನುತ್ತಿದ್ದೆವು, ನಮ್ಮ ಅತ್ತೆ ಮಾತ್ರ ಮಾಸ್ತರ ಅನ್ನುತ್ತಿದ್ದರು. ಇಲ್ಲಿಯೂ ಸರ್ ಎಂದೇ ಇರಲಿ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ವರ್ಗವಾಗಿ ಬಂದು ನಮ್ಮ ಮನೆಯಿಂದ ಎರಡು ಮನೆ ಆಚೆ ಬಾಡಿಗೆಗೆ ಇದ್ದರು. ತೆಳ್ಳಗಿನ ಆಳು, ಕಿರುಬೆರಳಿನ ಉಗುರಲ್ಲಿ ಯಾವಾಗಲೂ ಬಿಳಿ ಪುಡಿ. ಹೆಗಲಿಗೊಂದು ಖಾಕಿ ಚೀಲ. ಎಲ್ಲಿ ಕೂತರೂ ಅದನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು, ಜಿಪ್ಪು ಎಳೆದಿದೆಯೇ ಎಂದು ಒಮ್ಮೆ ಮುಟ್ಟಿ ನೋಡುತ್ತಿದ್ದರು. ಆ ಜಿಪ್ಪಿನ ಮೇಲೆ ನನ್ನ ಕಣ್ಣು ಯಾವಾಗಲೂ ಇತ್ತು.

ಇನ್ನೊಂದು ವಿಚಿತ್ರವೆಂದರೆ ಯಾರಾದರೂ ಮಾತಾಡುವಾಗ ಅವರು ಮುಖ ನೋಡುತ್ತಿರಲಿಲ್ಲ. ಎಡಗಿವಿಯನ್ನು ಮುಂದೆ ಮಾಡಿ ಮೇಲೆ ಜಂತಿ ನೋಡುತ್ತಿದ್ದರು. ನಾನು ವಿಜಯಪುರದಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಎದುರಿಗಿನವರ ಮುಖ ನೋಡಿ ಮಾತು ಕೇಳಬೇಕು, ಮುಖ ತಪ್ಪಿಸುವವರ ಮನಸ್ಸಿನಲ್ಲಿ ಏನೋ ಇರುತ್ತದೆ ಎಂದು ಸಿಸ್ಟರ್‌ಗಳು ಹೇಳಿಕೊಟ್ಟದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಇಂಡಿಗೆ ನಾವು ಮದುವೆಗೆಂದು ಹೋದಾಗ ಒಮ್ಮೆ ಸಂತೆಯಲ್ಲಿ ಅವರು ಕಂಡರು. ಕುಂಬಾರ ಹೆಂಗಸಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಗಡಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೆ ಹಿಡಿಯುತ್ತಿದ್ದರು. ಹತ್ತು ಹನ್ನೆರಡು ಗಡಿಗೆಯಾದ ಮೇಲೆ ಆಕೆಯ ತಾಳ್ಮೆ ಮುಗಿಯಿತು.

"ಯಪ್ಪಾ, ಗಡಿಗಿ ತಗೋಳಾಕ ಬಂದಿಯೋ, ತಬಲಾ ಕಲಿಯಾಕ ಬಂದಿಯೋ?"

"ಎರಡಕ್ಕೂ ಬಂದೇನಿ" ಎಂದರು ಸರ್. ಮೂರು ಗಡಿಗೆ ಕೊಂಡರು. ಮೂರಕ್ಕೂ ಮೂರು ಬೇರೆ ಬೇರೆ ದನಿ ಇದ್ದವಂತೆ. ನಮ್ಮ ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ನಗಿಸುವವರನ್ನು ನಾನು ಒಂದು ಕೈ ದೂರವೇ ಇಡುತ್ತೇನೆ.

ಓಣಿಯ ಹೆಂಗಸರಲ್ಲಿ ಸುದ್ದಿ ಹಬ್ಬಿಸಿದವಳು ಎದುರು ಮನೆಯ ಮಾದೇವಕ್ಕ. "ಹೆಂಗಸರ ದನಿ ಡಬ್ಬಿಯಾಗ ತುಂಬ್ಕೋತಾನಂತವಾ. ರಂಗೋಲಿ ಹಾಕಿ ಏನೋ ಮಾಡ್ತಾನಂತ. ಸಾಲಿ ಹುಡಿಗ್ಯಾರು ಹೇಳಿದ್ರು."

ಡಬ್ಬಿ ಇದ್ದದ್ದು ನಿಜ. ಒಂದು ದಿನ ಅವರೇ ಅದನ್ನು ನಮ್ಮ ಕಟ್ಟೆಯ ಮೇಲೆ ತಂದಿಟ್ಟರು. ಹಾಲಿನ ಪುಡಿಯ ದೊಡ್ಡ ಡಬ್ಬಿ. ಮೇಲಿನ ಬಾಯಿಗೆ ಕೆಂಪು ಬಲೂನನ್ನು ಕತ್ತರಿಸಿ ಹಲಗೆ ವಾದ್ಯದ ಚರ್ಮದಂತೆ ಬಿಗಿದು ಕಟ್ಟಿದ್ದರು. ಪಕ್ಕಕ್ಕೆ ತೂತು ಕೊರೆದು ಒಂದು ಗೇಣು ಪೈಪು ಸಿಕ್ಕಿಸಿದ್ದರು. ಬಲೂನಿನ ಮೇಲೆ ನನ್ನದೇ ರಂಗೋಲಿ ಪುಡಿಯನ್ನು ತೆಳುವಾಗಿ ಉದುರಿಸಿ, "ಆಯಿ, ಈ ಪೈಪಿನ್ಯಾಗ ಬಾಯಿ ಇಟ್ಟ ಒಂದ ದನಿ ಎಳೀರಿ. ಏರಸಬ್ಯಾಡ್ರಿ, ಇಳಸಬ್ಯಾಡ್ರಿ" ಎಂದು ಅತ್ತೆಗೆ ಹೇಳಿದರು.

ನಮ್ಮ ಅತ್ತೆಯ ತವರು ಹಲಸಂಗಿ ಕಡೆ. ಬೀಸುವ ಪದ, ಕುಟ್ಟುವ ಪದ ಅವರ ಬಾಯಲ್ಲಿ ಎಷ್ಟಿದ್ದವೋ. ಆಗ ಅವರಿಗೆ ಹಲ್ಲು ಒಂದೂ ಇರಲಿಲ್ಲ. ಬೊಚ್ಚು ಬಾಯಿಯನ್ನು ಪೈಪಿಗೆ ಹಚ್ಚಿ ಒಂದು ಎಳೆ ಎಳೆದರು. ಪುಡಿ ಇರುವೆಗಳ ಹಾಗೆ ಎದ್ದಿತು. ಸರಿದಾಡಿತು. ನೋಡನೋಡುತ್ತ ನಡುವೆ ಒಂದು ಉಂಗುರ, ಅದರ ಸುತ್ತ ಎಂಟು ಎಸಳು. ಅತ್ತೆ ದನಿ ನಿಲ್ಲಿಸಿ ಬಗ್ಗಿ ನೋಡಿದರು.

"ಇದನ್ನ ಯಾರ ಹಾಕಿದ್ರೋ ಮಾಸ್ತರ?"

"ನೀವ ಹಾಕಿದ್ರಿ ಆಯಿ. ಕೈಲೆ ಅಲ್ಲ, ಬಾಯಿಲೆ."

ಮಾದೇವಕ್ಕ ಹಾಡಿದಳು, ಅವಳದು ನಕ್ಷತ್ರವಾಯಿತು. ನನ್ನ ಸರದಿ ಬಂದಾಗ ಶಾಲೆಯ ಪ್ರಾರ್ಥನೆಯ ಒಂದು ಸಾಲು ಹಾಡಿದೆ. ಪುಡಿ ಅಲುಗಲಿಲ್ಲ. ಇನ್ನೊಮ್ಮೆ ಹಾಡಿದೆ. ಒಂದೆರಡು ಕಣ ಜಿಗಿದು ಅಲ್ಲೇ ಕೂತವು. ಸರ್ ಜಂತಿ ನೋಡುತ್ತಲೇ, "ನೀವು ದನಿ ಹೊರಗ ಬಿಡಂಗಿಲ್ಲ ತಂಗಿ. ಒಳಗ ಇಟಗೊಂಡ ಹಾಡ್ತೀರಿ" ಎಂದರು. ಹೆಂಗಸರೆಲ್ಲ ನಕ್ಕರು. ನನ್ನೊಳಗೆ ಏನಿದೆ ಎಂದು ಹೇಳಲು ಇವರು ಯಾರು ಎನ್ನಿಸಿತು. ಆ ದಿನದಿಂದ ನನ್ನ ಅನುಮಾನಕ್ಕೆ ಒಂದಿಷ್ಟು ಸಿಟ್ಟೂ ಸೇರಿಕೊಂಡಿತು. ಈಗ ಒಪ್ಪಿಕೊಳ್ಳುತ್ತೇನೆ.

ಕಬ್ಬಿನ ಟ್ರ್ಯಾಕ್ಟರುಗಳು ನಮ್ಮ ರಸ್ತೆಯಲ್ಲೇ ಹೋಗುವುದು. ಒಂದೊಂದರ ಮೇಲೂ ನಾಲ್ಕು ಸ್ಪೀಕರು, ಜಾನಪದಕ್ಕೆ ಡಿಜೆ ಕೂಡಿಸಿದ ಹಾಡು, ಅಡುಗೆಮನೆಯ ತಾಟುಗಳು ತಾವೇ ಅದುರಬೇಕು. ನಾವೆಲ್ಲ ಕಿಟಕಿ ಮುಚ್ಚಿಕೊಂಡರೆ ಸರ್ ಡಬ್ಬಿ ಹಿಡಿದು ಹೊರಗೆ ಓಡುತ್ತಿದ್ದರು. ಒಮ್ಮೆ ಡ್ರೈವರನನ್ನು ನಿಲ್ಲಿಸಿ ಸ್ಪೀಕರಿನ ಮುಂದೆ ಡಬ್ಬಿ ಹಿಡಿದರು. ಪುಡಿ ಒಂದೇ ಏಟಿಗೆ ಹಾರಿ ಅವರ ಮೀಸೆಯ ಮೇಲೆ ಬಿತ್ತು. ಡ್ರೈವರ ಹೊಟ್ಟೆ ಹಿಡಿದು ನಕ್ಕ. ನಾನು ಕಟ್ಟೆಯಿಂದ, "ಇಂಥಾ ಗದ್ದಲದಾಗ ಏನೈತಿ ಅಂತ ನೋಡ್ತೀರಿ ಸರ್?" ಎಂದೆ.

"ಬೈಬ್ಯಾಡ್ರಿ ತಂಗಿ. ತಂಬೂರಿ ಅಲುಗಸೂದೂ ಗಾಳೀನ, ಡಿಜೆ ಅಲುಗಸೂದೂ ಗಾಳೀನ. ಗಾಳಿಗೆ ದೊಡ್ಡದು ಸಣ್ಣದು ಗೊತ್ತಿಲ್ಲ" ಎಂದು ಮೀಸೆ ಒರೆಸಿಕೊಂಡರು.

ಆಮೇಲೆ ಅವರು ಅತ್ತೆಯ ಪದಗಳನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇನೆ ಎಂದರು. ದನಿಯ ಚಿತ್ರ ತೆಗೆಯುವುದು ಕಂಪ್ಯೂಟರಿನಲ್ಲಿ ಬರುತ್ತದಂತೆ. ತಾಲೂಕಿನ ವಿಜ್ಞಾನ ಪ್ರದರ್ಶನದಲ್ಲಿ ಓಣಿಯ ಹೆಂಗಸರೇ ಬಂದು ಡಬ್ಬಿಯ ಮೇಲೆ ಹಾಡಬೇಕು, ಪಕ್ಕದಲ್ಲಿ ದನಿಯ ಚಿತ್ರಗಳನ್ನು ತೂಗುಹಾಕಬೇಕು ಎಂಬುದು ಅವರ ಆಸೆ. ಯಜಮಾನರಿಗೆ ಬೀಜ-ಗೊಬ್ಬರದ ಅಂಗಡಿ, ಊರಿನವರೆಲ್ಲ ಗಿರಾಕಿಗಳು. ಅವರು ಒಂದೇ ಮಾತು ಹೇಳಿದರು. "ನಿಮ್ಮ ಕಂಪ್ಯೂಟರ ಬಿಟ್ಟ ಹೊರಗ ಹೋಗಬಾರದು ಸರ್. ನಮ್ಮವ್ವನ ದನಿ ಟ್ರ್ಯಾಕ್ಟರ ಮ್ಯಾಲ ಕೇಳಿದ್ರ ನಾ ಪ್ಯಾಟ್ಯಾಗ ತಿರಗ್ಯಾಡಂಗಿಲ್ಲ."

"ಮಾತ ಕೊಟ್ಟೇನಿ" ಎಂದರು ಸರ್.

ನಮ್ಮ ಅಡುಗೆಮನೆಯಲ್ಲೇ ಹಾಡಿಸಿದರು. ಅದು ಅತ್ತೆ ತಾವೇ ಕಟ್ಟಿದ ಪದ, ಬೇರೆ ಯಾರ ಬಾಯಲ್ಲೂ ಇಲ್ಲದ್ದು. ಸಾಸಿವೆ ಹೊಲದಲ್ಲಿ ಸಂಜೆ ಇಳಿದಿದೆ, ಸಣ್ಣವ್ವಾ ನೀನು ಸೆರಗು ಬೀಸಿ ಕರೆ ಎಂದು ಶುರುವಾಗುತ್ತದೆ. ನಾನು ಪಕ್ಕದ ಕೋಣೆಯಲ್ಲಿ ಅಕ್ಕಿ ಆರಿಸುವ ನೆಪದಲ್ಲಿ ಕಾವಲು ಕೂತಿದ್ದೆ. ನಡುವೆ ಕುಕ್ಕರು ಕೂಗಿತು. ಅತ್ತೆ ಹಾಡು ನಿಲ್ಲಿಸಿದರು. "ಹಾಡ್ರಿ ಆಯಿ, ಸೀಟಿ ಇರ್ಲಿ. ಯಾವ ಮನ್ಯಾಗ ಹಾಡಿದ್ದು ಅಂತ ಅದು ಹೇಳ್ತೈತಿ" ಎಂದರು. ಯಾವ ಮನೆ ಎಂದು ಯಾರಿಗೆ ಹೇಳಬೇಕಾಗಿದೆ ಎಂದು ನಾನು ಅಕ್ಕಿಯಲ್ಲಿ ಕಲ್ಲು ಹುಡುಕುತ್ತ ಯೋಚಿಸಿದೆ.

ಅದಾದ ಮೇಲೆ ಅತ್ತೆ ಹಲ್ಲು ಕಟ್ಟಿಸಿಕೊಳ್ಳಲು ಮುದ್ದೇಬಿಹಾಳಕ್ಕೆ ಹೋದರು. ಅಲ್ಲಿ ಅವರ ತಂಗಿಯ ಮನೆ. ಅಳತೆ, ಅಚ್ಚು, ತಿದ್ದುವುದು ಎಂದು ಹದಿನೈದು ದಿನ ಅಲ್ಲೇ ಉಳಿದು ಬಂದರು. ಬಂದಾಗ ಬಾಯಿ ತುಂಬ ಬೆಳ್ಳನೆಯ ಹಲ್ಲು. ನಾಲ್ಕು ದಿನ ನಾವೆಲ್ಲ ಅವರ ಮುಖವನ್ನೇ ನೋಡಿದೆವು.

ಕಬ್ಬಿನ ಹಂಗಾಮು ಶುರುವಾಯಿತು. ಒಂದು ಮುಂಜಾನೆ ಹೊಸ್ತಿಲ ಬಳಿ ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದೆ. ಟ್ರ್ಯಾಕ್ಟರೊಂದು ತಿರುವಿನಲ್ಲಿ ಬಂತು. ಎದೆ ಗುದ್ದುವ ಡಿಜೆ, ಅದರ ನಡುವಿನಿಂದ ಒಂದು ಹೆಣ್ಣುದನಿ: ಸಾಸಿವಿ ಹೊಲದಾಗ ಸಂಜಿ ಇಳಿದೈತಿ. ಸಕಾರಗಳೆಲ್ಲ ಸೂಜಿಯಂತೆ ಕಿವಿಗೆ ಚುಚ್ಚುತ್ತಿದ್ದವು. ಮಷೀನಿನಲ್ಲಿ ಏನೋ ಮಾಡಿ ಹರಿತ ಮಾಡಿದ್ದಾರೆ ಎಂದುಕೊಂಡೆ. ಆದರೆ ದನಿ ನಮ್ಮ ಅತ್ತೆಯದು. ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು.

ಯಜಮಾನರಿಗೆ ಹೇಳಿದವಳು ನಾನೇ. ಯಾರೂ ನನ್ನನ್ನು ಕೇಳಿರಲಿಲ್ಲ. "ಅವತ್ತೇ ನನಗ ಅನಸಿತ್ತು" ಎಂದೂ ಸೇರಿಸಿದೆ.

ಅವರು ಡ್ರೈವರನನ್ನು ಹಿಡಿದು ವಿಚಾರಿಸಿದರು. ಪೆನ್ ಡ್ರೈವಿನಲ್ಲಿ ಯಾರೋ ತುಂಬಿ ಕೊಟ್ಟದ್ದು, ಹಾಡಿದವರು ಯಾರೆಂದು ಅವನಿಗೂ ತಿಳಿಯದು. ಹಾಡನ್ನು ಫೋನಿಗೆ ಹಾಕಿಸಿಕೊಂಡು ಬಂದು ಭಾನುವಾರ ಮುಂಜಾನೆ ಸರ್ ಅವರನ್ನು ಮನೆಗೆ ಕರೆಸಿದರು. ನಾನು ಒಲೆಯ ಕಡೆ ಹೊರಟರೆ, "ಚಹಾ ಬ್ಯಾಡ" ಎಂದರು. ನಮ್ಮ ಮನೆಗೆ ಬಂದವರು ಚಹಾ ಇಲ್ಲದೆ ಕೂತದ್ದು ಅದೊಂದೇ ಸಲ. ಸರ್ ಅವರಿಗೂ ಅಷ್ಟರಲ್ಲೇ ತಿಳಿದಿರಬೇಕು.

"ನಾ ನಿಮಗ ಏನ್ ಹೇಳಿದ್ನಿ ಸರ್?"

"ಹೊರಗ ಹೋಗಬಾರದು ಅಂದಿದ್ರಿ."

"ಮತ್ತ ಇದೇನ್ರಿ?"

ಸರ್ ಹಾಡು ಕೇಳಿದರು. ಇನ್ನೊಮ್ಮೆ ಹಚ್ಚಲು ಹೇಳಿ, ಫೋನನ್ನು ಎಡಗಿವಿಗೆ ಒತ್ತಿ ಜಂತಿ ನೋಡಿದರು. ಒಂದು ಕಡೆ ಅವರ ತೋರುಬೆರಳು ತಾನಾಗಿ ಮೇಲೆದ್ದಿತು. ಫೋನು ಕೆಳಗಿಟ್ಟು, ಯಜಮಾನರನ್ನು ಬಿಟ್ಟು ನನ್ನನ್ನು ಕೇಳಿದರು.

"ಆಯಿ ಹಲ್ಲ ಕಟ್ಟಿಸ್ಕೊಂಡ ಎಷ್ಟ ದಿನಾ ಆತು ತಂಗಿ?"

"ಹಲ್ಲಿನ ಮಾತ ಈಗ್ಯಾಕ್ರಿ?" ಎಂದು ಯಜಮಾನರು ದನಿ ಏರಿಸಿದರು. ನನಗೂ ಹಾಗೆಯೇ ಅನ್ನಿಸಿತು. ಸಿಕ್ಕಿಬಿದ್ದವರು ಮಾತು ತಿರುಗಿಸುವುದು ಹೀಗೇ ಅಲ್ಲವೇ.

ಸರ್ ನನ್ನ ಭುಜದಾಚೆ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಸರ್ ಯಾರದಾದರೂ ಮುಖವನ್ನು ನೆಟ್ಟಗೆ ನೋಡಿದ್ದನ್ನು ನಾನು ಕಂಡದ್ದು ಅವತ್ತೊಂದೇ ಸಲ. ನೋಡಿ, ಸಣ್ಣಗೆ ನಕ್ಕರು. ಅದನ್ನು ಕಳ್ಳನಗೆ ಎಂದು ತಿಳಿದುಕೊಂಡೆ.

"ಮಾತ ಕೊಟ್ಟಾವ ನಾನು. ಪದಾ ಹೊರಗ ಹೋಗೇತಿ. ತಪ್ಪ ನನ್ನ ಮ್ಯಾಲ ಇರ್ಲಿ ಬಿಡ್ರಿ" ಎಂದು ಚೀಲ ಎತ್ತಿಕೊಂಡು ಎದ್ದರು.

ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಮಾಸ್ತರ ಹೆಂಗಸರ ದನಿ ಮಾರಿಕೊಂಡ ಎಂದು ಮಾದೇವಕ್ಕ ಪ್ರತಿ ಬಾಗಿಲಿಗೂ ಹೋಗಿ ಹೇಳಿದಳು. ವಿಜ್ಞಾನ ಪ್ರದರ್ಶನದ ದಿನ ನಮ್ಮ ಓಣಿಯಿಂದ ಒಬ್ಬಳೂ ಹೋಗಲಿಲ್ಲ. ನಾನು ಮಗಳನ್ನು ಕರೆದುಕೊಂಡು ದೂರದಿಂದ ನೋಡಿ ಬಂದೆ. ಸರ್ ಒಬ್ಬರೇ ಮೇಜಿನ ಹಿಂದೆ ಕೂತು ತಮ್ಮ ಒಡಕು ದನಿಯನ್ನು ಪೈಪಿನಲ್ಲಿ ಎಳೆಯುತ್ತಿದ್ದರು. ಪುಡಿ ಅಲ್ಲಲ್ಲಿ ಗುಪ್ಪೆಯಾಗುತ್ತಿತ್ತು, ಹೂವಾಗುತ್ತಿರಲಿಲ್ಲ. ಹಿಂದಿನ ದಾರಕ್ಕೆ ಕ್ಲಿಪ್ಪುಗಳಷ್ಟೇ ಇದ್ದವು, ಚಿತ್ರಗಳಿರಲಿಲ್ಲ. ಮಾರಿದ ಮೇಲೆ ತೋರಿಸಲು ಏನು ಉಳಿದೀತು ಎಂದುಕೊಂಡು ಮನೆಗೆ ಬಂದೆ.

ಆ ವರ್ಷ ಮುಗಿಯುವುದರೊಳಗೆ ಅವರು ವರ್ಗ ಮಾಡಿಸಿಕೊಂಡು ಹೆಂಡತಿಯ ಊರಾದ ಬಾಗೇವಾಡಿಗೆ ಹೋದರು. ಹೋಗುವ ದಿನ ನನ್ನ ಸಾಣಿಗೆಯನ್ನು ತೊಳೆದು ಹೊಸ್ತಿಲಲ್ಲಿ ಇಟ್ಟು ಹೋಗಿದ್ದರು, ಬಾಗಿಲು ಬಡಿಯಲಿಲ್ಲ. ಅತ್ತೆ ಅಂದಿನಿಂದ ಮನೆಯಲ್ಲಿ ಪದ ಹಾಡಿದ್ದು ಕೇಳಿಸಲಿಲ್ಲ. ಅವಮಾನವಾಗಿದೆ, ಪಾಪ, ಎಂದು ನಾವೂ ಕೇಳಲಿಲ್ಲ.

ಸಾವಿನ ಸುದ್ದಿ ತಿಳಿದ ಮೇಲೆ ಮಾತಾಡಿಸಿ ಬರೋಣವೆಂದು ಒಬ್ಬಳೇ ಬಾಗೇವಾಡಿಗೆ ಹೋದೆ. ಅವರ ಹೆಂಡತಿ ನನಗೆ ಚಹಾ ಕೊಟ್ಟರು. ಆ ಕಪ್ಪು ಹಿಡಿದುಕೊಳ್ಳುವುದು ನನಗೆ ಕಷ್ಟವಾಯಿತು. ಸ್ವಲ್ಪ ಹೊತ್ತು ಬಿಟ್ಟು ಆ ಖಾಕಿ ಚೀಲದ ಜಿಪ್ಪು ಎಳೆದು ಒಂದು ಕಂದು ಲಕೋಟೆ ತೆಗೆದರು. ಮೇಲೆ ಸರ್ ಅವರ ಅಕ್ಷರದಲ್ಲಿ 'ಬೀಜದಂಗಡಿಯವರ ಮನಿ, ಆಯಿ' ಎಂದಿತ್ತು.

"ಯಾರಿಗೂ ತೋರಸಬ್ಯಾಡ ಅಂತಿದ್ರು. ನಿಮಗ ಕೊಡಬ್ಯಾಡ ಅಂತ ಮಾತ್ರ ಅಂದಿದ್ದಿಲ್ಲ" ಎಂದರು.

ಒಳಗೆ ಎರಡು ಚಿತ್ರ, ಕಂಪ್ಯೂಟರಿನಲ್ಲಿ ತೆಗೆದ ದನಿಯವು. ಬಿಳಿ ಹಾಳೆಯ ಮೇಲೆ ಕಪ್ಪು ಗೆರೆಗಳು, ಮಳೆಗಾಲದ ಗೋಡೆಯ ಕಲೆಗಳಂತೆ. ಎರಡರ ಕೆಳಗೂ ಅದೇ ಸಾಲನ್ನು ಪೆನ್ಸಿಲಿನಲ್ಲಿ ಅಕ್ಷರ ಬಿಡಿಸಿ ಬರೆದಿದ್ದರು: ಸಾಸಿವಿ ಹೊಲದಾಗ ಸಂಜಿ ಇಳಿದೈತಿ. ಮೊದಲನೆಯದರಲ್ಲಿ ಸಕಾರ ಬಂದಲ್ಲೆಲ್ಲ ಮೇಲಿನ ಜಾಗ ಮಾಸಲು, ನಡುವೆ ಒಂದು ಉದ್ದ ಗೆರೆಗೆ 'ಕುಕ್ಕರ್' ಎಂದಿತ್ತು. ಎರಡನೆಯದರಲ್ಲಿ ಕುಕ್ಕರ್ ಇಲ್ಲ. ಸಕಾರ ಬಂದಲ್ಲೆಲ್ಲ ಮೇಲೆ ಕಾಡಿಗೆ ತೀಡಿದಂಥ ದಟ್ಟ ಕಪ್ಪು. ಮೊದಲನೆಯದರ ಅಂಚಿನಲ್ಲಿ 'ಹಲ್ಲಿಲ್ಲದಾಗ, ನಾನು ಹಿಡಿದದ್ದು' ಎಂದೂ ಎರಡನೆಯದರಲ್ಲಿ 'ಹಲ್ಲು ಬಂದ ಮೇಲೆ, ಟ್ರ್ಯಾಕ್ಟರಿನವನಿಂದ ಇಸಿದುಕೊಂಡದ್ದು' ಎಂದೂ ಬರೆದಿದ್ದರು.

ಓದಿದೆ. ಮತ್ತೆ ಓದಿದೆ. ಸರ್ ಹಿಡಿದ ಹಾಡು ಬೊಚ್ಚು ಬಾಯಿಯದು. ಟ್ರ್ಯಾಕ್ಟರಿನ ಮೇಲೆ ಬಂದದ್ದು ಹಲ್ಲು ಕಟ್ಟಿಸಿಕೊಂಡ ಮೇಲೆ ಹಾಡಿದ್ದು. ಸೂಜಿಯಂತೆ ಚುಚ್ಚಿದ ಆ ಸಕಾರ ಮಷೀನಿನದಲ್ಲ, ಹೊಸ ಹಲ್ಲಿನದು. ಅತ್ತೆ ತಾವಾಗಿ ಎಲ್ಲೋ ಹೋಗಿ ಹಾಡಿ ಬಂದಿದ್ದರು.

"ಅವತ್ತ ನಿಮ್ಮ ಮನಿಯಿಂದ ಬಂದ ಮ್ಯಾಲ ಇವ್ರು ನಗಾಕತ್ತಿದ್ರು" ಎಂದರು ಅವರ ಹೆಂಡತಿ. "ಏನಾತ್ರಿ ಅಂದ್ರ, ಆಯಿ ಡಿಜೆ ಜೋಡಿ ಭಾಳ ಚಂದ ಹಾಡ್ಯಾಳ ಅಂದ್ರು. ನಿಮ್ಮ ಹೆಸರ ಕೆಟ್ಟತಲ್ರಿ ಅಂದ್ನಿ. ಎಂಬತ್ತರ ಮುದಕಿ ಮೊದಲನೇ ಸಲ ಕದ್ದ ಒಂದ ಕೆಲಸಾ ಮಾಡ್ಯಾಳ, ನಾ ಹಿಡಿದ ಕೊಡ್ಲೇನು ಅಂದ್ರು."

ಬಸ್ಸಿನಲ್ಲಿ ಲಕೋಟೆಯನ್ನು ಪಾದಗಳ ನಡುವಿನ ಚೀಲದಲ್ಲಿಟ್ಟು ಜಿಪ್ಪು ಎಳೆದೆ. ಸಿಂದಗಿ ಬರುವವರೆಗೆ ನಾಲ್ಕು ಸಲ ಮುಟ್ಟಿ ನೋಡಿದೆ.

ಮರುದಿನ ಯಜಮಾನರು ಊಟಕ್ಕೆ ಕೂತಿದ್ದರು. ಅತ್ತೆ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದರು. ಎರಡೂ ಚಿತ್ರಗಳನ್ನು ಅತ್ತೆಯ ಮುಂದೆ ಹಾಸಿದೆ. ಓದು ಬಾರದ ಅವರು ಎರಡರ ಮೇಲೂ ಬೆರಳಾಡಿಸಿದರು.

"ಇದ್ರಾಗ ನಾ ಯಾವಾಕಿ?"

"ಎರಡೂ ನೀವ ಅದೀರಿ ಅತ್ತಿ. ಇದು ಹಲ್ಲ ಇಲ್ಲದಾಗ, ಇದು ಹಲ್ಲ ಬಂದ ಮ್ಯಾಲ."

ಅವರ ಬೆರಳು ಎರಡನೆಯದರ ಮೇಲೆ ನಿಂತಿತು. "ಮಾಸ್ತರಗ ಗೊತ್ತಾಗೇತಿ ಅಂತ ನನಗ ಅವತ್ತ ಗೊತ್ತಾತು. ನನ್ನ ನೋಡಿದ್ನಲ್ಲ" ಎಂದರು. ಮಗನ ಕಡೆ ತಿರುಗಿ, "ನನ್ನ ತಂಗಿ ಮನಿ ಮಾಳಗಿ ಮ್ಯಾಲ ಟ್ರ್ಯಾಕ್ಟರಿಗೆ ಹಾಡ ತುಂಬಾವ್ರು ಇದ್ರೋ. ಹೊಸಾ ಹಲ್ಲಿಲೆ ಹಾಡಾಕ ಬರತೈತೋ ಇಲ್ಲೋ ನೋಡೂಣು ಅಂತ ಹ್ವಾದ್ನಿ. ಬಂತು" ಎಂದರು.

ಯಜಮಾನರ ಕೈ ತುತ್ತಿನಲ್ಲೇ ನಿಂತಿತ್ತು. "ಅವತ್ತ ಯಾಕ ಹೇಳಲಿಲ್ಲಬೇ?"

"ಹೇಳಿದ್ರ ಮತ್ತ ಮುದ್ದೇಬಿಹಾಳಕ್ಕ ಕಳಸ್ತಿದ್ದೇನು?"

ಹಲ್ಲು ಸಡಿಲವಾಗಿವೆ ಎಂದು ಅವರು ಆಮೇಲೆ ಮೂರು ಸಲ ಮುದ್ದೇಬಿಹಾಳಕ್ಕೆ ಹೋಗಿ ಬಂದದ್ದು ನನಗೆ ನೆನಪಾಯಿತು. ಮೂರು ಸಲಕ್ಕೆ ಎಷ್ಟು ಹಾಡು? ಕೇಳಲಿಲ್ಲ. ಈಗಲೂ ಯಾವ ಟ್ರ್ಯಾಕ್ಟರು ಹೋದರೂ ನಲ್ಲಿ ನಿಲ್ಲಿಸಿ ಸಕಾರ ಹುಡುಕುತ್ತೇನೆ.

ಯಜಮಾನರು ತಾಟಿನಲ್ಲೇ ಕೈ ತೊಳೆದರು. "ಅವ್ರಿಗೆ ನಾ ಚಹಾ ಸೈತ ಕೊಡಲಿಲ್ಲ" ಎಂದರು. ಅಷ್ಟೇ. ಎದ್ದು ಅಂಗಡಿಗೆ ಹೋದರು.

ಅತ್ತೆ ನನಗೆ ಮಾದೇವಕ್ಕನನ್ನು ಕರೆದುಕೊಂಡು ಬಾ ಎಂದರು. ಬರೀ ಮಾದೇವಕ್ಕ ಅಲ್ಲ, ಅವಳು ಯಾರ ಯಾರ ಬಾಗಿಲಿಗೆ ಹೋಗಿದ್ದಳೋ ಅವರೆಲ್ಲರನ್ನೂ. ಏಳೆಂಟು ಹೆಂಗಸರು ಕಟ್ಟೆಯ ಮೇಲೆ ಬಂದು ಕೂತರು. "ಮಾಸ್ತರ ಮಾರಿಲ್ಲ. ಹಾಡಿದಾಕಿ ನಾನ. ಕೇಳಿರೇನು ಎಲ್ಲಾರೂ?" ಎಂದರು ಅತ್ತೆ. ಮಾದೇವಕ್ಕ ಸೆರಗಿನ ತುದಿಯನ್ನು ಸುತ್ತತೊಡಗಿದಳು. ನಾನು ನೆಲ ನೋಡಿದೆ. ಅವಳ ಬಾಯಿಗೆ ಸುದ್ದಿ ಹಾಕಿದವಳು ನಾನು ಎಂದು ಆಗ ಹೇಳಬೇಕಿತ್ತು, ಹೇಳಿದೆ. ದನಿ ಸಣ್ಣದೇ ಇತ್ತು, ಆದರೆ ಹೊರಗೆ ಬಂತು.

"ಮಾಸ್ತರನ ಹೇಂತಿಗೆ ಫೋನ್ ಹಚ್ಚು" ಎಂದರು ಅತ್ತೆ.

ಹಚ್ಚಿ, ಎಲ್ಲರಿಗೂ ಕೇಳುವಂತೆ ಮಾಡಿ ಅವರ ಮುಂದೆ ಹಿಡಿದೆ. ಆಚೆಯಿಂದ "ಯಾರ್ರಿ?" ಎಂದರು. ಅತ್ತೆ ನನ್ನ ಕಡೆ ನೋಡಿ, ಬಾಯಿಗೆ ಬೆರಳು ಹಾಕಿ ಹಲ್ಲಿನ ಸೆಟ್ಟನ್ನು ತೆಗೆದು ನೀರಿನ ವಾಟಗದಲ್ಲಿ ಹಾಕಿದರು. ಸರ್ ನಮ್ಮ ಅಡುಗೆಮನೆಯಲ್ಲಿ ಹಿಡಿದುಕೊಂಡದ್ದು ಹೇಗಿತ್ತೋ ಹಾಗೆ, ಸಾಸಿವೆ ಹೊಲದಿಂದ ಹಿಡಿದು ಕೊನೆಯವರೆಗೂ ಹಾಡಿದರು. ಒಂದು ಸಕಾರವೂ ಚುಚ್ಚಲಿಲ್ಲ.

ಹಾಡು ಮುಗಿಯಿತು. ಫೋನಿನಲ್ಲಿ ಸರ್ ಅವರ ಹೆಂಡತಿ ಕೇಳಿದರು.

"ಹಲ್ಲ ತಗದಿಟ್ಟ ಹಾಡಿದ್ರಿ, ಹೌದಲ್ರಿ ಆಯಿ?"